ಉಳುಕಲ್ಲ, ಕೀವು

ನಮ್ಮ ಸಾಗರದ ಕಡೆ ಸಣ್ಣ ಮಗು ಇದ್ದಕ್ಕಿದ್ದಂತೆ ಕಾಲು ಊರುವುದು ಬಿಟ್ಟರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ಉಳುಕು. ಎತ್ತಿಕೊಳ್ಳುವಾಗ ಯಾರೋ ಸರಿಯಾಗಿ ಹಿಡಿದಿಲ್ಲ, ಹೊಸದಾಗಿ ನಡೆಯಲು ಕಲಿಯುತ್ತಿದೆ, ಎಲ್ಲೋ ಬಿದ್ದಿರಬೇಕು ಅನ್ನುತ್ತಾರೆ. ಉಳುಕು ತೆಗೆಯುವವರು ಊರೂರಲ್ಲೂ ಇದ್ದಾರೆ. ಎಣ್ಣೆ ಹಚ್ಚಿ ನೀವಿದರೆ ಎಷ್ಟೋ ಸಲ ನೋವು ಕಡಿಮೆಯೂ ಆಗುತ್ತದೆ. ನನ್ನ ಮಗ ಒಂದು ಭಾನುವಾರ ಬೆಳಿಗ್ಗೆ ಎಡಗಾಲು ಅಲ್ಲಾಡಿಸದೆ ಮಲಗಿದ್ದಾಗ ನಮ್ಮ ಮನೆಯಲ್ಲೂ ಇದೇ ಮಾತು ಬಂತು.

ಅವನಿಗೆ ಆಗ ಒಂದು ವರ್ಷ ದಾಟಿತ್ತು ಅಷ್ಟೆ. ಗೋಡೆ ಹಿಡಿದು ನಡೆಯುತ್ತಿದ್ದ. ಹಿಂದಿನ ಸಂಜೆ ಮೈ ಬಿಸಿ ಇತ್ತು, ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು ಮಲಗಿಸಿದ್ದೆವು. ಬೆಳಿಗ್ಗೆ ಡಯಾಪರ್ ಬದಲಿಸಲು ಕಾಲು ಎತ್ತಿದೆ ನೋಡಿ, ಆ ಅಳುವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹಸಿವಿನ ಅಳು, ನಿದ್ದೆಯ ಅಳು, ಹಟದ ಅಳು ತಾಯಿಗೆ ಗೊತ್ತಿರುತ್ತದೆ. ಇದು ಬೇರೆ. ಎತ್ತಿಕೊಂಡರೆ ಸುಮ್ಮನಾಗಬೇಕಾದವನು ಎತ್ತಿಕೊಂಡಾಗಲೇ ಜಾಸ್ತಿ ಅಳುತ್ತಿದ್ದ. ಹಾಸಿಗೆ ಮೇಲೆ ಬಿಟ್ಟರೆ ಸುಮ್ಮನೆ ಮಲಗುತ್ತಿದ್ದ. ನನಗೆ ಹೆದರಿಕೆ ಹುಟ್ಟಿದ್ದು ಅದನ್ನು ನೋಡಿ.

ಮನೆಯಲ್ಲಿ ಯಾರೂ ಅಷ್ಟು ಗಾಬರಿ ಆಗದಿರಲು ಒಂದು ಕಾರಣವೂ ಇತ್ತು. ಭಾವನವರ ಮಗಳಿಗೆ ಐದು ವರ್ಷವಿದ್ದಾಗ ಹೀಗೇ ಆಗಿತ್ತು. ನೆಗಡಿ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಕುಂಟುತ್ತಾ ಎದ್ದಳು. ಡಾಕ್ಟರು ನೋಡಿ, ಸೊಂಟದ ಕೀಲಿನಲ್ಲಿ ಸ್ವಲ್ಪ ನೀರು ತುಂಬಿಕೊಂಡಿದೆ, ಮೂರರಿಂದ ಎಂಟು ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯ ಅಂದಿದ್ದರು. ನೋವಿನ ಸಿರಪ್ ಕೊಟ್ಟು ಓಡಾಡಿಸದೆ ಇಟ್ಟುಕೊಂಡರು, ವಾರದೊಳಗೆ ಕುಣಿಯುತ್ತಿದ್ದಳು. ಇವನಿಗೂ ಅದೇ ಅಂತ ಫೋನಿನಲ್ಲಿ ಎಲ್ಲರೂ ಹೇಳಿದರು. ಆದರೆ ಅವಳಿಗೆ ಜ್ವರ ಇರಲಿಲ್ಲ. ಕುಂಟಿಕೊಂಡಾದರೂ ನಡೆಯುತ್ತಿದ್ದಳು, ಊಟ ಮಾಡುತ್ತಿದ್ದಳು, ನಗುತ್ತಿದ್ದಳು.

ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಲು ಹುಟ್ಟಿದಾಗಿನಿಂದ ಒಬ್ಬ ಅಜ್ಜಿ ಬರುತ್ತಾರೆ. ನಮ್ಮ ಕೇರಿಯ ಎಷ್ಟು ಮಕ್ಕಳು ಅವರ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡಿವೆಯೋ ಲೆಕ್ಕವಿಲ್ಲ. ಅವತ್ತು ಅವರು ಬಂದ ಕೂಡಲೇ ಅತ್ತೆ, "ಕಾಲು ಉಳುಕಿದ ಹಾಗಿದೆ, ಸ್ವಲ್ಪ ನೀವಿ ನೋಡು" ಅಂದರು. ಅಜ್ಜಿ ಬಟ್ಟೆ ಬಿಚ್ಚಿ ಚಾಪೆ ಮೇಲೆ ಮಲಗಿಸಿದರು. ಮುಟ್ಟಲಿಲ್ಲ. ಸುಮ್ನೆ ನೋಡುತ್ತಾ ಕೂತರು. ಬಲಗಾಲು ಆಡುತ್ತಿತ್ತು, ಎರಡೂ ಕೈ ಆಡುತ್ತಿದ್ದವು. ಎಡಗಾಲು ಮಾತ್ರ ಮಂಡಿ ಸ್ವಲ್ಪ ಮಡಚಿ, ತೊಡೆ ಹೊರಗೆ ವಾಲಿಕೊಂಡು ಬಿದ್ದಿತ್ತು. ಅಂಗಾಲಿಗೆ ಬೆರಳಿಂದ ಕಚಗುಳಿ ಇಟ್ಟರು. ಕಾಲ್ಬೆರಳು ಮುದುರಿದವು, ತೊಡೆ ಕದಲಲಿಲ್ಲ. ಆಮೇಲೆ ಮಂಡಿ ಕೆಳಗೆ ಕೈಕೊಟ್ಟು ಕಾಲನ್ನು ಒಂದಿಷ್ಟೇ ಒಳಗೆ ತಿರುಗಿಸಿದರು. ಮಗು ಕಿರುಚಿತು. ಅಜ್ಜಿ ಕೈ ತೆಗೆದುಬಿಟ್ಟರು.

"ತಂಗೀ, ಇದು ಉಳುಕಲ್ಲ. ಉಳುಕಿಗೆ ಇಂಥ ಜ್ವರ ಬರಲ್ಲ. ಈ ಕಾಲು ನಾನು ನೀವಲ್ಲ. ಈಗ್ಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ."

ನೀರು ಹಾಕುವ ಹೆಂಗಸರು ಮಕ್ಕಳ ಕೈಕಾಲು ಎಳೆದು ತೊಂದರೆ ಮಾಡುತ್ತಾರೆ ಅಂತ ಓದಿದ್ದೇನೆ, ಕೇಳಿದ್ದೇನೆ. ಅಂಥದ್ದು ನಡೆಯುವುದೂ ನಿಜ ಇರಬಹುದು. ಆದರೆ ದಿನಾ ಆ ಮೈಯನ್ನು ಮುಟ್ಟಿ ನೋಡಿದ ಕೈಗೆ ಇವತ್ತು ಏನು ಬೇರೆ ಅಂತ ಬೇಗ ಗೊತ್ತಾಗುತ್ತದೆ. ಅವರು ನೀವಲು ಒಪ್ಪದೆ ಇದ್ದದ್ದು ನನ್ನ ಮಗನಿಗೆ ಅವತ್ತು ಸಿಕ್ಕ ಮೊದಲ ಚಿಕಿತ್ಸೆ. ಇದನ್ನು ನಾನು ಎಲ್ಲರ ಮುಂದೆಯೂ ಹೇಳುತ್ತೇನೆ.

ಭಾನುವಾರವಾದರೂ ನಮ್ಮೂರ ಮಕ್ಕಳ ಡಾಕ್ಟರು ಮನೆಯಲ್ಲಿದ್ದರು. ಅವರು ಪಾದದಿಂದ ಶುರುಮಾಡಿದರು. ಪಾದದ ಗಂಟು ಆಡಿಸಿದರು, ಮಗು ಸುಮ್ಮನಿತ್ತು. ತೊಡೆಯನ್ನು ಅಲುಗಿಸದೆ ಮಂಡಿಯನ್ನು ಮೆಲ್ಲಗೆ ಒಂದಿಷ್ಟು ಮಡಚಿದರು, ಆಗಲೂ ಸುಮ್ಮನಿತ್ತು. ಸೊಂಟದ ಕೀಲಿಗೆ ಬಂದಾಗ ಮಾತ್ರ ಮೈಯೆಲ್ಲ ಬಿಗಿ ಹಿಡಿದು ಅತ್ತ. ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. "ಇತ್ತೀಚೆಗೆ ಚರ್ಮದ ಮೇಲೆ ಗಾಯ, ಗುಳ್ಳೆ ಏನಾದ್ರೂ ಆಗಿತ್ತಾ?" ಅಂತ ಕೇಳಿದರು. ಆಗಿತ್ತು. ಸೊಳ್ಳೆ ಕಚ್ಚಿದ್ದನ್ನು ಕೆರೆದು ಕೆರೆದು ಮೊಣಕೈ ಹತ್ತಿರ ಸಣ್ಣ ಕುರು ಎದ್ದು, ಅದು ತಾನಾಗಿ ಒಣಗಿತ್ತು. ಕೈಯಲ್ಲಿ ಎದ್ದ ಕುರುವಿಗೂ ಸೊಂಟಕ್ಕೂ ಏನು ಸಂಬಂಧ ಅಂತ ನಮ್ಮನೆಯವರು ಕೇಳಿದರು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಮ್ಮೊಮ್ಮೆ ರಕ್ತಕ್ಕೆ ಸೇರುತ್ತವೆ, ಸಣ್ಣ ಮಕ್ಕಳಲ್ಲಿ ಕೀಲಿನ ಒಳಪದರಕ್ಕೆ ರಕ್ತ ಧಾರಾಳವಾಗಿ ಹರಿಯುವುದರಿಂದ ಅಲ್ಲಿ ಹೋಗಿ ಕೂತು ಕೀವು ಮಾಡುತ್ತವೆ, ಇದಕ್ಕೆ ಸೆಪ್ಟಿಕ್ ಆರ್ಥ್ರೈಟಿಸ್ ಅನ್ನುತ್ತಾರೆ, ಇವನಿಗೂ ಅದೇ ಅನುಮಾನ ಅಂತ ವಿವರಿಸಿದರು. ಎಷ್ಟೋ ಮಕ್ಕಳಲ್ಲಿ ಇಂಥ ಗುಳ್ಳೆಯ ಗುರುತೂ ಇರುವುದಿಲ್ಲವಂತೆ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನನಗೆ ಅರ್ಧ ಜೀವ ಬಂತು. ಡಾಕ್ಟರಿಗೆ ಸಮಾಧಾನ ಆಗಲಿಲ್ಲ. ಮೊದಲ ದಿನಗಳಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಕಾಣುವ ಹೊತ್ತಿಗೆ ಮೂಳೆ ಹಾಳಾಗಿರುತ್ತದೆ ಅಂದರು. ಅತ್ತೆ, "ಒಂದು ಆಂಟಿಬಯಾಟಿಕ್ ಬರೆದುಕೊಡಿ, ರಾತ್ರಿವರೆಗೆ ನೋಡಿ ನಾಳೆ ಹೋಗ್ತೀವಿ" ಅಂತ ಕೇಳಿಕೊಂಡರು. ಅವರು ಖಡಾಖಂಡಿತವಾಗಿ ಬೇಡ ಅಂದರು. "ಸಿರಪ್ ಕೊಟ್ರೆ ಜ್ವರ ಸ್ವಲ್ಪ ಇಳಿಯುತ್ತೆ, ನಿಮಗೆ ಧೈರ್ಯ ಬರುತ್ತೆ. ಒಳಗೆ ಕೀವು ಹಾಗೇ ಇರುತ್ತೆ. ಆಮೇಲೆ ಕಲ್ಚರ್ ಮಾಡಿದ್ರೆ, ಅಂದ್ರೆ ಲ್ಯಾಬಿನಲ್ಲಿ ಬೆಳೆಸಿ ನೋಡಿದ್ರೆ, ಯಾವ ಬ್ಯಾಕ್ಟೀರಿಯಾ ಅಂತಾನೂ ಸಿಗಲ್ಲ. ಇವತ್ತೇ ಶಿವಮೊಗ್ಗಕ್ಕೆ ಹೊರಡಿ. ನಾನು ಫೋನ್ ಮಾಡಿರ್ತೀನಿ." ಹೊರಡುವಾಗ ತಾಯಿ ಕಾರ್ಡು ತೆಗೆದುಕೊಂಡು ಹೋಗಿ ಅಂತ ನೆನಪಿಸಿದರು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಆಂಟಿಬಯಾಟಿಕ್ ಸಿಗುವ ಊರಿನಲ್ಲಿ, ಕೊಡುವುದಿಲ್ಲ ಅನ್ನುವ ಡಾಕ್ಟರು ಎಷ್ಟು ಮುಖ್ಯ ಅಂತ ನನಗೆ ಆಮೇಲೆ ಅರ್ಥವಾಯಿತು.

ಆನಂದಪುರ, ಕುಂಸಿ, ಆಯನೂರು. ಕಾರಿನಲ್ಲಿ ಪ್ರತಿ ಹಂಪ್‌ಗೂ ಅವನು ನರಳುತ್ತಿದ್ದ. ತೊಡೆ ಕೆಳಗೆ ಒಂದು ಟವೆಲ್ ಮಡಚಿ ಇಟ್ಟು, ಕಾಲು ಅವನಿಗೆ ಹೇಗೆ ಬೇಕೋ ಹಾಗೇ ಬಿಟ್ಟೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರೂ ಮೂಳೆ ಡಾಕ್ಟರೂ ಒಟ್ಟಿಗೆ ಬಂದು ನೋಡಿದರು. ಮೊದಲು ರಕ್ತ ತೆಗೆದರು. ಕಲ್ಚರ್ ಬಾಟಲಿಗೆ ಒಂದಿಷ್ಟು, ಉಳಿದ ಪರೀಕ್ಷೆಗೆ ಒಂದಿಷ್ಟು. ತಾಯಿ ಕಾರ್ಡಿನಲ್ಲಿ ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ ಲಸಿಕೆ ಆಗಿದೆಯಾ ನೋಡಿದರು. ಅದರಲ್ಲಿ ಹಿಬ್ ಅನ್ನುವ ಬ್ಯಾಕ್ಟೀರಿಯಾದ ವಿರುದ್ಧ ರಕ್ಷಣೆ ಇದೆ. ಹಿಂದೆ ಎರಡು ವರ್ಷದೊಳಗಿನ ಮಕ್ಕಳ ಕೀಲಿಗೆ ಕೀವು ಬರಲು ಅದೂ ಒಂದು ದೊಡ್ಡ ಕಾರಣವಾಗಿತ್ತಂತೆ. ಲಸಿಕೆ ಬಂದ ಮೇಲೆ ಕಡಿಮೆಯಾಗಿದೆ. ಈಗ ಮೊದಲ ಅನುಮಾನ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ. ಆರು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಕಿಂಗೆಲ್ಲಾ ಕಿಂಗೆ ಅಂತ ಇನ್ನೊಂದಿದೆ. ಅದು ಜ್ವರವನ್ನೂ ಅಷ್ಟು ತರುವುದಿಲ್ಲ, ಮಾಮೂಲಿ ಕಲ್ಚರಿನಲ್ಲಿ ಸುಲಭವಾಗಿ ಬೆಳೆಯುವುದೂ ಇಲ್ಲ.

ರಿಪೋರ್ಟು ಬಂತು. ಬಿಳಿ ರಕ್ತಕಣ 19,000 ಇತ್ತು. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ಹೇಳುವ ಎರಡು ರಕ್ತ ಪರೀಕ್ಷೆಗಳಲ್ಲಿ ಇ.ಎಸ್.ಆರ್. 70ರ ಮೇಲೆ, ಸಿ.ಆರ್.ಪಿ. 118. ಮೂಳೆ ಡಾಕ್ಟರು ಒಂದು ಚೀಟಿಯ ಹಿಂದೆ ನಾಲ್ಕು ಗೆರೆ ಎಳೆದು ತೋರಿಸಿದರು. ಅಮೆರಿಕದ ಬಾಸ್ಟನ್ನಿನ ಡಾಕ್ಟರು ಕೋಕರ್ ಮತ್ತು ಅವರ ಜೊತೆಗಾರರು 1999ರಲ್ಲಿ ಹೇಳಿದ ನಾಲ್ಕು ಗುರುತುಗಳವು. ಜ್ವರ 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಇರುವುದು, ಕಾಲ ಮೇಲೆ ಭಾರ ಹಾಕದಿರುವುದು, ಇ.ಎಸ್.ಆರ್. 40 ದಾಟಿರುವುದು, ಬಿಳಿ ರಕ್ತಕಣ 12,000 ದಾಟಿರುವುದು. ಇದರಲ್ಲಿ ಹೆಚ್ಚು ಗುರುತು ಸೇರಿದಷ್ಟೂ ಬರೀ ನೀರಲ್ಲ, ಕೀವೇ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ನನ್ನ ಮಗನಿಗೆ ನಾಲ್ಕೂ ಇದ್ದವು.

ಅಲ್ಟ್ರಾಸೌಂಡಿನಲ್ಲಿ ಸೊಂಟದ ಕೀಲಿನೊಳಗೆ ದ್ರವ ತುಂಬಿದ್ದು ಕಂಡಿತು. ಆದರೆ ಅದು ನೀರೋ ಕೀವೋ ಅಂತ ಸ್ಕ್ಯಾನಿಂಗ್ ಹೇಳುವುದಿಲ್ಲ. ಸೂಜಿ ಹಾಕಿ ತೆಗೆದು ನೋಡಬೇಕು. ಕೀವಾದರೆ ಅಲ್ಲೇ ಕೀಲು ತೆರೆದು ತೊಳೆಯಬೇಕು. "ನಾಳೆ ಬೆಳಿಗ್ಗೆ ಮಾಡಿದ್ರೆ ಆಗಲ್ವಾ ಸರ್, ಮಗು ತುಂಬಾ ಸುಸ್ತಾಗಿದೆ" ಅಂತ ನಮ್ಮನೆಯವರು ಕೇಳಿದರು.

ಡಾಕ್ಟರು ಕೂತು ಹೇಳಿದರು. ಈ ವಯಸ್ಸಿನಲ್ಲಿ ತೊಡೆ ಮೂಳೆಯ ತಲೆ ಪೂರ್ತಿ ಮೂಳೆ ಆಗಿರುವುದಿಲ್ಲ. ಬಹುಪಾಲು ಕಾರ್ಟಿಲೇಜ್, ಎಳನೀರಿನ ಗಂಜಿಯ ಹಾಗೆ ಎಳೆಯದು. ಅದಕ್ಕೆ ರಕ್ತ ಕೊಡುವ ನಾಳಗಳು ಕೀಲಿನ ಚೀಲದ ಒಳಗೇ ಹಾದು ಹೋಗುತ್ತವೆ. ಚೀಲದಲ್ಲಿ ಕೀವು ತುಂಬಿ ಒತ್ತಡ ಏರಿದರೆ ಆ ನಾಳಗಳು ಮುಚ್ಚುತ್ತವೆ, ರಕ್ತವಿಲ್ಲದೆ ತಲೆ ಸಾಯುತ್ತದೆ. ಇನ್ನೊಂದು ಕಡೆ ಕೀವಿನಲ್ಲಿರುವ ಕಿಣ್ವಗಳು ಕಾರ್ಟಿಲೇಜನ್ನು ಕರಗಿಸುತ್ತಿರುತ್ತವೆ. ಅದು ಗಂಟೆಗಳ ಲೆಕ್ಕದಲ್ಲಿ ಶುರುವಾಗುವ ಕೆಲಸ. ಹೋದದ್ದು ಮತ್ತೆ ಮೊದಲಿನ ಹಾಗೆ ಬೆಳೆಯುವುದಿಲ್ಲ. ಪಕ್ಕದಲ್ಲೇ ಮೂಳೆ ಉದ್ದಕ್ಕೆ ಬೆಳೆಯುವ ಪಟ್ಟಿ ಇದೆ, ಅದಕ್ಕೆ ಪೆಟ್ಟಾದರೆ ಕಾಲು ಗಿಡ್ಡವಾಗುತ್ತದೆ. "ಬೇರೆ ಎಷ್ಟೋ ಆಪರೇಷನ್ ನಾಳೆಗೆ ಹಾಕಬಹುದು ಅಮ್ಮಾ. ಇದನ್ನ ಹಾಕಲ್ಲ."

ಅಲ್ಲಿಂದ ನನಗೆ ಕಷ್ಟದ ಹೊತ್ತು. ಅನಸ್ತೇಸಿಯಾ ಕೊಡುವ ಮೊದಲು ಎದೆಹಾಲು ನಿಲ್ಲಿಸಿ ನಾಲ್ಕು ಗಂಟೆಯಾದರೂ ಆಗಿರಬೇಕು. ಗಂಜಿ, ಬೇರೆ ಹಾಲು ಆದರೆ ಆರು ಗಂಟೆ. ಹೊಟ್ಟೆ ತುಂಬಿದ್ದರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯ. ನೋವು, ಜ್ವರ, ಹಸಿವು ಎಲ್ಲ ಸೇರಿದ ಮಗು ನನ್ನ ವಾಸನೆ ಬಂದ ಕೂಡಲೇ ಎದೆ ಹುಡುಕುತ್ತಿತ್ತು. ಕೊನೆಗೆ ನರ್ಸಮ್ಮ ಬಂದು, "ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ, ಅಪ್ಪ ಹಿಡ್ಕೊಳ್ಳಲಿ" ಅಂದರು. ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಹಾಲು ತುಂಬಿ ಕುಪ್ಪಸ ಒದ್ದೆಯಾಯಿತು. ಒಳಗಿಂದ ಅವನ ಅಳು ಕೇಳುತ್ತಿತ್ತು, ನಡುವೆ ನಮ್ಮನೆಯವರು ಅವನಿಗೆ ಇಷ್ಟವಾದ ಕಾಗೆ ಗುಬ್ಬಿಯ ಕಥೆ ಹೇಳುವುದೂ ಕೇಳುತ್ತಿತ್ತು. ಡ್ರಿಪ್ ಹಾಕಿದ್ದರಿಂದ ಬಾಯಾರಿಕೆ ತಾಗುವುದಿಲ್ಲ ಅಂತ ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ.

ರಾತ್ರಿ ಒಳಗೆ ಕರೆದುಕೊಂಡು ಹೋದರು. ಸೂಜಿ ಹಾಕಿದಾಗ ಮಂದವಾದ ಹಳದಿ ಕೀವು ಬಂತಂತೆ. ಅದನ್ನು ಪರೀಕ್ಷೆಗೆ ಕಳಿಸಿ, ಆಮೇಲೇ ಮೊದಲ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು, ತೊಡೆ ಸಂದಿನಲ್ಲಿ ಸಣ್ಣದಾಗಿ ತೆರೆದು ಸಲೈನಿನಿಂದ ಮತ್ತೆ ಮತ್ತೆ ತೊಳೆದರು. ಒಂದು ಸಣ್ಣ ಕೊಳವೆ ಬಿಟ್ಟು ಹೊಲಿದರು. ಡಾಕ್ಟರು ಹೊರಗೆ ಬಂದು ಬಾಟಲಿ ತೋರಿಸಿದರು. ಅಷ್ಟು ಸಣ್ಣ ಸೊಂಟದಲ್ಲಿ ಅಷ್ಟು ಕೀವು ಹೇಗೆ ಹಿಡಿಸಿತ್ತು ಅಂತ ನನಗೆ ಈಗಲೂ ಆಶ್ಚರ್ಯ.

ಆಪರೇಷನ್ ಆದ ಮೇಲೆ ಮಗು ಎಚ್ಚರಗೊಂಡು ಹಾಲು ಕುಡಿಯಿತು. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವ ಹಾಗಿರಲಿಲ್ಲ. ಕೀವು ತೆಗೆಯುವುದು ಅರ್ಧ ಚಿಕಿತ್ಸೆ, ಉಳಿದರ್ಧ ಔಷಧಿ. ಕಾಲಿಗೆ ಅಂಟುಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯಿಂದ ಸಣ್ಣ ತೂಕ ಇಳಿಬಿಟ್ಟಿದ್ದರು. ಟ್ರಾಕ್ಷನ್ ಅನ್ನುತ್ತಾರೆ. ಕೀಲಿಗೆ ವಿಶ್ರಾಂತಿ ಸಿಗುತ್ತದೆ, ನೋವು ತಗ್ಗುತ್ತದೆ, ಸಡಿಲವಾದ ಕೀಲು ಜಾರದೆ ಇರುತ್ತದೆ. ನಡೆಯಲು ಹಾತೊರೆಯುವ ಮಗುವನ್ನು ಹೀಗೆ ಮಲಗಿಸಿಡುವುದು ಸುಲಭವಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕ್ಯಾನುಲಾದ್ದು, ಅಂದರೆ ಔಷಧಿ ಕೊಡಲು ನರಕ್ಕೆ ಹಾಕುವ ಸಣ್ಣ ಕೊಳವೆಯದ್ದು. ದುಂಡು ಕೈಯಲ್ಲಿ ನರವೇ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಊದಿಕೊಂಡು ಕೆಡುತ್ತಿತ್ತು. ನರ್ಸಮ್ಮ ಕೋಣೆಯ ದೀಪ ಆರಿಸಿ, ಅಂಗೈ ಕೆಳಗಿಂದ ಟಾರ್ಚ್ ಹಿಡಿಯುತ್ತಿದ್ದರು. ಕೆಂಪಗೆ ಬೆಳಗಿದ ಕೈಯಲ್ಲಿ ಕಪ್ಪು ಗೆರೆಯಾಗಿ ನರ ಕಾಣುತ್ತಿತ್ತು. ಹಾಕಿದ ಮೇಲೆ ರಟ್ಟಿನ ತುಂಡು ಇಟ್ಟು, ಬೆರಳ ತುದಿ ಮಾತ್ರ ಕಾಣುವ ಹಾಗೆ ಬ್ಯಾಂಡೇಜ್ ಸುತ್ತುತ್ತಿದ್ದರು. ಬೆರಳು ಯಾಕೆ ಬಿಡುತ್ತೀರಿ ಅಂದಿದ್ದಕ್ಕೆ, ಬಣ್ಣ ಬದಲಾದರೆ, ಊದಿಕೊಂಡರೆ ಗೊತ್ತಾಗಬೇಕಲ್ವಾ ಅಂದರು. ಆಮೇಲೆ ರಾತ್ರಿ ಎದ್ದಾಗಲೆಲ್ಲ ನಾನು ಆ ಬೆರಳು ನೋಡುತ್ತಿದ್ದೆ.

ಕಲ್ಚರಿನ ಉತ್ತರ ಬರಲು ಎರಡು ಮೂರು ದಿನ ಬೇಕು. ಅಲ್ಲಿವರೆಗೆ ಸ್ಟ್ಯಾಫಿಲೊಕಾಕಸ್ ಜೊತೆ ಬೇರೆಯವನ್ನೂ ಹಿಡಿಯುವಂಥ ಔಷಧಿ ಕೊಟ್ಟಿದ್ದರು. ಬಂದದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್ಸೇ, ಅದೂ ಮಾಮೂಲಿ ಔಷಧಿಗೆ ಬಗ್ಗುವ ತಳಿ. ಬಗ್ಗದ ತಳಿಯಾಗಿದ್ದರೆ ವ್ಯಾಂಕೊಮೈಸಿನ್‌ನಂಥ ಔಷಧಿಗೆ ಹೋಗಬೇಕಾಗುತ್ತಿತ್ತು. ಆಮೇಲೆ ಔಷಧಿಗಳನ್ನು ಕಡಿಮೆ ಮಾಡಿ ಸೆಫಜೋಲಿನ್ ಒಂದನ್ನೇ ಉಳಿಸಿದರು. ಆ ಮೊದಲ ರಾತ್ರಿ ಸುಮ್ಮನೆ ಸಿರಪ್ ಕುಡಿಸಿ ಕಾದಿದ್ದರೆ ಈ ಉತ್ತರ ಸಿಗುವುದೇ ಅನುಮಾನವಿತ್ತು.

ವಾರ್ಡಿನಲ್ಲಿ ನಮಗೆಲ್ಲ ಸಿ.ಆರ್.ಪಿ. ಒಂದು ಜಪವಾಗಿಬಿಟ್ಟಿತ್ತು. ಆಪರೇಷನ್ ಆದ ಮರುದಿನ ಇಳಿಯುವ ಬದಲು ಏರಿತು. ನಾನು ಹೆದರಿದೆ. ಆಪರೇಷನ್ನಿನ ಗಾಯದಿಂದಲೂ ಸ್ವಲ್ಪ ಏರುತ್ತದೆ, ಆಮೇಲಿನ ದಿನಗಳಲ್ಲಿ ಇಳಿಯಬೇಕು, ಇಳಿಯದಿದ್ದರೆ ಮತ್ತೆ ತೆರೆದು ತೊಳೆಯಬೇಕಾದೀತು ಅಂದರು. ಇಳಿಯಿತು. ಜ್ವರ ನಿಂತಿತು. ಇ.ಎಸ್.ಆರ್. ಮಾತ್ರ ನಿಧಾನ, ಅದು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಅವನು ತಾನಾಗಿ ಎಡಗಾಲನ್ನು ನನ್ನ ಕೈಗೆ ಒದ್ದ. ಪಕ್ಕದ ಮಂಚದ ಮಗುವಿನ ಅಜ್ಜಿ ಅದನ್ನು ನೋಡಿ ನನಗಿಂತ ಮೊದಲು ಕೂಗಿದರು.

ಇಂಜೆಕ್ಷನ್ ನಿಲ್ಲಿಸಿ ಬಾಯಿಂದ ಕೊಡುತ್ತೇವೆ ಅಂದಾಗ ಮಾವನವರಿಗೆ ಇಷ್ಟವಾಗಲಿಲ್ಲ. ಅವರ ಪರಿಚಯದ ಹುಡುಗನೊಬ್ಬನಿಗೆ ಬಹಳ ಹಿಂದೆ ಇದೇ ಕಾಯಿಲೆಯಾಗಿ ವಾರಗಟ್ಟಲೆ ಇಂಜೆಕ್ಷನ್ ಚುಚ್ಚಿದ್ದರಂತೆ. ಈಗ ಹಾಗಿಲ್ಲ ಅಂತ ಮಕ್ಕಳ ಡಾಕ್ಟರು ಸಮಾಧಾನವಾಗಿ ಹೇಳಿದರು. ಫಿನ್ಲೆಂಡಿನ ಹೈಕ್ಕಿ ಪೆಲ್ಟೊಲಾ ಮತ್ತು ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಲಿಗೆ ಕೀವು ಬಂದ 130 ಮಕ್ಕಳಿಗೆ ಕೆಲವರಿಗೆ 10 ದಿನ, ಕೆಲವರಿಗೆ 30 ದಿನ ಔಷಧಿ ಕೊಟ್ಟರು. ಎರಡೂ ಗುಂಪಿನ ಮಕ್ಕಳಿಗೆ ಇಂಜೆಕ್ಷನ್ ಮೊದಲ ಕೆಲವು ದಿನ ಮಾತ್ರ. ಬೇಗ ಗುಣಮುಖರಾಗಿ ಸಿ.ಆರ್.ಪಿ. ಇಳಿದ ಮಕ್ಕಳಿಗೆ ಕಡಿಮೆ ದಿನವೂ ಸಾಕಾಗಿತ್ತು. "ನಿಮ್ಮ ಮಗುವಿಗೆ ಹತ್ತೇ ದಿನ ಅಂತ ನಾನು ಹೇಳಲ್ಲ. ಸೊಂಟದ ಕೀಲು, ಸಣ್ಣ ವಯಸ್ಸು. ಮೂರು ನಾಲ್ಕು ವಾರ ಕೊಡೋಣ. ಆದ್ರೆ ಇನ್ನು ಚುಚ್ಚೋದು ಬೇಡ."

ಮನೆಗೆ ಬಂದ ಮೇಲಿನ ಕೆಲಸ ಪೂರ್ತಿ ನನ್ನದು. ಸೆಫಲೆಕ್ಸಿನ್ ಸಿರಪ್, ದಿನಕ್ಕೆ ನಾಲ್ಕು ಸಲ, ರಾತ್ರಿಯೂ ಎಬ್ಬಿಸಿ. ಪುಡಿಯ ಬಾಟಲಿಗೆ ಕಾಯಿಸಿ ಆರಿಸಿದ ನೀರನ್ನು ಗೆರೆವರೆಗೆ ಹಾಕಿ, ಚೆನ್ನಾಗಿ ಕುಲುಕಿ, ಫ್ರಿಜ್ಜಿನಲ್ಲಿಡಬೇಕು. ಪ್ರತಿ ಸಲವೂ ಮತ್ತೆ ಕುಲುಕಬೇಕು, ಇಲ್ಲದಿದ್ದರೆ ಔಷಧಿ ಅಡಿಯಲ್ಲೇ ಕೂತಿರುತ್ತದೆ. ಎರಡನೇ ಬಾಟಲಿ ತರಲು ಹೋದಾಗ ಅಂಗಡಿಯವರು ಚೀಟಿ ನೋಡಿ, "ಈ ತೂಕದ ಮಗುವಿಗೆ ಇಷ್ಟೊಂದು ಡೋಸಾ ಮೇಡಂ? ತಪ್ಪು ಬರೆದಿರಬೇಕು, ಅರ್ಧ ಕೊಡಿ" ಅಂದರು. ಅವರು ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ನಾನು ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಕೊಟ್ಟೆ. ಗಂಟಲು ನೋವಿಗೆ ಕೊಡುವ ಡೋಸ್ ಬೇರೆ, ಮೂಳೆ ಮತ್ತು ಕೀಲಿನ ಸೋಂಕಿಗೆ ಕೊಡುವ ಡೋಸ್ ಬೇರೆ. ಇಲ್ಲಿ ಜಾಸ್ತಿಯೇ ಬೇಕು, ಕೀಲಿನ ಒಳಗೆ ಸಾಕಷ್ಟು ಔಷಧಿ ತಲುಪಬೇಕು. ಯಾರಾದರೂ ಇದನ್ನು ಓದುತ್ತಿರುವ ತಾಯಿಗೆ ಇಂಥ ಮಾತು ಕೇಳಿಬಂದರೆ, ದಯವಿಟ್ಟು ನೀವಾಗಿ ಡೋಸ್ ಕಡಿಮೆ ಮಾಡಬೇಡಿ, ಬರೆದುಕೊಟ್ಟವರನ್ನೇ ಕೇಳಿ.

ಮರು ತಪಾಸಣೆಗೆ ಹೋದಾಗ ಓಪಿಡಿಯಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ಪಕ್ಕ ಕೂತಿದ್ದಳು. ಒಂದು ಚಪ್ಪಲಿಯ ಅಟ್ಟೆ ಇನ್ನೊಂದಕ್ಕಿಂತ ಎರಡು ಬೆರಳು ದಪ್ಪ. ಅವಳ ತಾಯಿ ನನ್ನ ಮಗನ ತೊಡೆಯ ಹೊಲಿಗೆ ಗುರುತು ನೋಡಿ ತಾವಾಗಿ ಮಾತಾಡಿದರು. ಹುಟ್ಟಿ ಕೆಲವೇ ದಿನಕ್ಕೆ ಕಾಲು ಆಡಿಸುವುದು ನಿಲ್ಲಿಸಿತಂತೆ. ಜ್ವರ ಇರಲಿಲ್ಲ. ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ, ಬಟ್ಟೆ ಬದಲಿಸುವಾಗ ಅಳುತ್ತಿತ್ತು, ಅಷ್ಟೆ. ಎಳೆಗೂಸುಗಳಲ್ಲಿ ಎಷ್ಟೋ ಸಲ ಜ್ವರ ಬರುವುದೇ ಇಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತೊಡೆ ಮೂಳೆಯ ತಲೆ ಕರಗಿ ಹೋಗಿತ್ತು. ಲಂಡನ್ನಿನ ಸರ್ಜನ್ ಟಾಮಸ್ ಸ್ಮಿತ್ 1874ರಲ್ಲೇ ಎಳೆಗೂಸುಗಳ ಈ ಕಾಯಿಲೆಯ ಬಗ್ಗೆ ಬರೆದಿದ್ದರು. ಈಗಲೂ ಡಾಕ್ಟರುಗಳು ಇದನ್ನು ಟಾಮ್ ಸ್ಮಿತ್ ಆರ್ಥ್ರೈಟಿಸ್ ಅನ್ನುತ್ತಾರೆ. ಆಗ ಆಂಟಿಬಯಾಟಿಕ್ ಇರಲಿಲ್ಲ, ಅಲ್ಟ್ರಾಸೌಂಡ್ ಇರಲಿಲ್ಲ. ಈಗ ಎರಡೂ ಇವೆ. ಆದರೂ ಆ ಹುಡುಗಿಗೆ ಕಾಲು ಗಿಡ್ಡವಾಯಿತು ಅನ್ನುವುದು ನನಗೆ ಸಹಿಸಲಾಗುವುದಿಲ್ಲ. ಬಾಣಂತಿಯನ್ನು ಆಸ್ಪತ್ರೆಯಿಂದ ಕಳಿಸುವಾಗ ಹೊಕ್ಕುಳು, ಕಾಮಾಲೆ, ಹಾಲು ಕುಡಿಸುವುದು ಎಲ್ಲ ಹೇಳುತ್ತಾರೆ. ಒಂದು ಕೈ ಅಥವಾ ಒಂದು ಕಾಲು ಆಡಿಸುತ್ತಿಲ್ಲ ಅಂದರೆ ಅದೇ ದಿನ ಬನ್ನಿ ಅನ್ನುವ ಒಂದು ಮಾತನ್ನೂ ಸೇರಿಸಬೇಕು. ನೀರು ಹಾಕುವವರಿಗೂ, ಆಶಾ ಕಾರ್ಯಕರ್ತೆಯರಿಗೂ ಇದನ್ನು ಹೇಳಿಕೊಡಬೇಕು. ಮಗುವನ್ನು ಬರಿಮೈಯಲ್ಲಿ ದಿನಾ ನೋಡುವವರು ಅವರೇ ತಾನೆ.

ಮಗ ಮೊದಲು ತೆವಳಿದ, ಆಮೇಲೆ ಗೋಡೆ ಹಿಡಿದ. ಕೈಬಿಟ್ಟು ನಡೆದದ್ದು ಓರಗೆಯ ಮಕ್ಕಳಿಗಿಂತ ತಡವಾಗಿ. ಈಗ ಅಂಗಳದಲ್ಲಿ ಹಿಡಿಯಲು ಸಿಗುವುದಿಲ್ಲ. ಎಕ್ಸ್‌ರೇಯಲ್ಲಿ ತೊಡೆ ಮೂಳೆಯ ತಲೆ ಎರಡೂ ಕಡೆ ದುಂಡಗೆ ಕಾಣುತ್ತಿದೆ. ಆದರೆ ರಕ್ತ ಕಡಿಮೆಯಾದದ್ದರ ಪರಿಣಾಮ, ಬೆಳೆಯುವ ಪಟ್ಟಿಗೆ ಆದ ಪೆಟ್ಟು ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು. ಹಾಗಾಗಿ ಅವನು ಬೆಳೆಯುವವರೆಗೆ ಬರುತ್ತಿರಬೇಕು ಅಂದಿದ್ದಾರೆ. ಹೋದಾಗಲೆಲ್ಲ ಡಾಕ್ಟರು ಅವನನ್ನು ಮಲಗಿಸಿ, ಸೊಂಟದ ಮೂಳೆಯಿಂದ ಪಾದದ ಗಂಟಿನವರೆಗೆ ಟೇಪು ಹಿಡಿದು ಎರಡೂ ಕಾಲು ಅಳೆಯುತ್ತಾರೆ. ಹೋದ ಸಲ ಎರಡೂ ಸಮವಿತ್ತು. ಮುಂದಿನದು ದೀಪಾವಳಿ ಕಳೆದ ಮೇಲೆ.